ಪರದೇಶದ ವಿದ್ಯಾರ್ಥಿಗಳಿಗೆ ಮೈಸೂರನ್ನು ತೋರಿಸುವ ಬಗೆ

ಊರಿಗೆ ಬಂದವರಿಗೆ ಊರು ತೋರಿಸುವುದೇನು ಮಹಾ ಕಷ್ಟದ ಕೆಲಸ ಎಂದು ನಾವೆಲ್ಲರೂ ಎಣಿಸಿರುತ್ತೇವೆ. ಬೆಳಗಿನ ತಿಂಡಿ ಮುಗಿಸಿ ಹೊರಟರೆ ಅರಮನೆ, ಅಲ್ಲಿಂದ ಮೃಗಾಲಯ, ಊಟವಾದ ಮೇಲೆ ಚಾಮುಂಡಿ ಬೆಟ್ಟ, ಸಂಜೆಗೆ ಕನ್ನಂಬಾಡಿ. ರಾತ್ರಿ ಮನೆಗೆ ಹಿಂದಿರುಗುವ ಹೊತ್ತಿಗೆ ಮೈಸೂರು ಮುಗಿಯಿತು! ಬಂದ ನೆಂಟರು ಕಾಲುನೋವನ್ನೂ ನೂರಾರು ಚಿತ್ರಗಳನ್ನೂ ಹೊತ್ತುಕೊಂಡು ಮರುದಿನದ ರೈಲು ಹತ್ತುತ್ತಾರೆ. ಏನು ನೋಡಿದಿರಿ ಎಂದು ಅವರ ಊರಿನವರು ಕೇಳಿದರೆ, “ಬಹಳ ಚೆನ್ನಾಗಿತ್ತು” ಎಂಬ ಒಂದು ಮಾತಿನ ಹೊರತು ಅವರಿಗೆ ಬೇರೇನೂ ತೋಚುವುದಿಲ್ಲ.

ಒಂದು ದಿನಕ್ಕೆ ಬಂದುಹೋಗುವ ನೆಂಟರ ಮಟ್ಟಿಗೆ ಇಷ್ಟು ಸಾಕಾಗಬಹುದು. ಆದರೆ ಈಗ ನಮ್ಮ ಊರುಗಳಿಗೆ ಬೇರೊಂದು ಬಗೆಯ ಅತಿಥಿಗಳೂ ಬರುತ್ತಾರೆ. ಅವರು ಪರದೇಶದ ವಿದ್ಯಾರ್ಥಿಗಳು. ಒಂದು ದೇಶದ ಹುಡುಗರು ಮತ್ತೊಂದು ದೇಶಕ್ಕೆ ಹೋಗಿ, ಕೆಲವು ವಾರವೋ ಕೆಲವು ತಿಂಗಳೋ ಅಲ್ಲಿಯ ಶಾಲೆ ಕಾಲೇಜುಗಳಲ್ಲಿ ಕಲಿತು, ಅಲ್ಲಿಯ ಗೃಹಸ್ಥರ ಮನೆಗಳಲ್ಲಿ ಉಂಡು ಮಲಗಿ, ಅವರ ಬಾಳನ್ನು ಹತ್ತಿರದಿಂದ ಕಂಡು ಬರುವ ಏರ್ಪಾಡಿಗೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ಮೈಸೂರಿಗಂತೂ ಇಂತಹ ಅತಿಥಿಗಳು ಹೊಸಬರಲ್ಲ. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, 1950ರ ಆಹಾರ ಸಂಶೋಧನಾಲಯ, 1969ರ ಭಾರತೀಯ ಭಾಷಾ ಸಂಸ್ಥಾನ, ಇವುಗಳಲ್ಲಿ ಕಲಿಯಲೆಂದೂ, ಯೋಗಾಭ್ಯಾಸಕ್ಕೆಂದೂ ನಾನಾ ದೇಶದವರು ಇಲ್ಲಿಗೆ ಬರುತ್ತಲೇ ಇದ್ದಾರೆ. ನಾಳೆ ನಿಮ್ಮ ಮನೆಗೇ ಅಂತಹ ಒಬ್ಬ ಹುಡುಗನೋ ಹುಡುಗಿಯೋ ಬಂದು ಇಳಿಯಬಹುದು. ಆಗ ಈ ಊರನ್ನು ಅವರಿಗೆ ಹೇಗೆ ಪರಿಚಯ ಮಾಡಿಕೊಡುತ್ತೀರಿ? ಈ ವಿಷಯದಲ್ಲಿ ನಾನು ಮೊದಲು ಸೋತು ಆಮೇಲೆ ಅಷ್ಟಿಷ್ಟು ಕಲಿತವನು. ಆ ಕಲಿಕೆಯನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ಅಂತಹ ವಿದ್ಯಾರ್ಥಿಗಳ ಒಂದು ಸಣ್ಣ ತಂಡ ಬಂದಿತ್ತು. ಕನ್ನಡ ಪಂಡಿತನೆಂದೂ ಹಳಬನೆಂದೂ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹದಿನೆಂಟು ಸ್ಥಳಗಳ ಪಟ್ಟಿಯೊಂದನ್ನು ತಯಾರಿಸಿಕೊಂಡು ಬಲು ಉತ್ಸಾಹದಿಂದಲೇ ಹೊರಟೆ. ನಾಲ್ಕನೆಯ ಸ್ಥಳಕ್ಕೆ ಬರುವಷ್ಟರಲ್ಲಿ ಮಕ್ಕಳ ಮುಖ ಬಾಡಿತ್ತು. ಅರಮನೆಯ ಕಲ್ಯಾಣಮಂಟಪದಲ್ಲಿ ನಿಂತು, ಕಟ್ಟಿಸಿದವರ ಬಿರುದಾವಳಿಯನ್ನೆಲ್ಲ ನಾನು ಒಪ್ಪಿಸುತ್ತಿದ್ದಾಗ, ಜಪಾನಿನಿಂದ ಬಂದಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಮೇಷ್ಟ್ರೇ, ಹೊರಗೆಲ್ಲ ಕಲ್ಲಿನ ಕಟ್ಟಡ. ಇಲ್ಲಿ ಮಾತ್ರ ಕಬ್ಬಿಣದ ಕಂಬಗಳು ಏಕೆ?”

ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲಿ. ಆ ಮಂಟಪವನ್ನು ಐವತ್ತು ಸಲವಾದರೂ ನೋಡಿರಬೇಕು. ಒಂದು ಸಲವಾದರೂ ಆ ಪ್ರಶ್ನೆ ನನ್ನ ತಲೆಯಲ್ಲಿ ಸುಳಿದಿರಲಿಲ್ಲ. “ನೋಡಲು ಚೆನ್ನಾಗಿರಲೆಂದು” ಎಂದುಬಿಟ್ಟೆ. ಹುಡುಗಿ ವಿನಯದಿಂದ ತಲೆಯಾಡಿಸಿದಳು. ತನ್ನ ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಉತ್ತರ ಸುಳ್ಳೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅಂದು ರಾತ್ರಿ ಪುಸ್ತಕಗಳನ್ನು ಹರವಿಕೊಂಡು ಕುಳಿತ ಮೇಲೆ ನನಗೆ ಉತ್ತರ ಸಿಕ್ಕಿತು. ಊರು ತೋರಿಸುವುದೆಂದರೇನೆಂಬುದೂ ಆಗಲೇ ಹೊಳೆಯಿತು.

ಉತ್ತರ ಇದು. 1897ರವರೆಗೆ ಆ ಜಾಗದಲ್ಲಿದ್ದುದು ಬಹುಪಾಲು ಮರದ ಅರಮನೆ. ಆ ವರ್ಷ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಅದು ಉರಿದುಹೋಯಿತು. ಆಗ ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ತಂದೆ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಿದ್ದರು. ರಾಜ್ಯಭಾರದ ಹೊಣೆ ಹೊತ್ತಿದ್ದವರು ತಾಯಿ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು. ಸಿಮ್ಲಾದಲ್ಲಿ ವೈಸರಾಯರ ಭವನವನ್ನು ರೂಪಿಸಿದ್ದ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಅವರು ಹೊಸ ಅರಮನೆಯ ಕೆಲಸವನ್ನು ವಹಿಸಿದರು. ಅದನ್ನು ನಿಂತು ನಡೆಸಿದ ಎಂಜಿನಿಯರು ಬಿ. ಪಿ. ರಾಘವುಲು ನಾಯ್ಡು. ಒಮ್ಮೆ ಬೆಂಕಿಯಲ್ಲಿ ಬೆಂದ ಮನೆತನ ಎರಡನೆಯ ಸಲ ಮರವನ್ನು ನಂಬೀತೆ? ಆದುದರಿಂದಲೇ ಬೂದುಬಣ್ಣದ ಕಗ್ಗಲ್ಲು, ಇಟ್ಟಿಗೆ, ಕಬ್ಬಿಣ. ಬೆಂಕಿಗೆ ಸುಲಭವಾಗಿ ತುತ್ತಾಗದಂತಹ ಕಟ್ಟಡ. ಕಲ್ಯಾಣಮಂಟಪದ ಎರಕದ ಕಂಬಗಳನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ತರಿಸಿದರು. 1912ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಖರ್ಚಾದ ಹಣ 41 ಲಕ್ಷ ರೂಪಾಯಿಗೂ ಮಿಗಿಲು.

ಈಗ ನೋಡಿ. “ಇದು ಕಲ್ಯಾಣಮಂಟಪ, ಇವು ಕಬ್ಬಿಣದ ಕಂಬಗಳು” ಎಂದರೆ ಅದು ಬರಿಯ ಪಟ್ಟಿ. ಮನೆ ಸುಟ್ಟುಹೋದ ವಿಧವೆ ತಾಯಿಯೊಬ್ಬಳು ಬಾಲಕನಾದ ಮಗನಿಗಾಗಿ ಬೆಂಕಿಗೆ ಹೆದರದ ಮನೆಯನ್ನು ಕಟ್ಟಿಸಿದಳು ಎಂದರೆ, ಯಾವ ದೇಶದ ಮಕ್ಕಳಿಗಾದರೂ ಅದು ಅರ್ಥವಾಗುತ್ತದೆ. ಊರು ತೋರಿಸುವುದೆಂದರೆ ಅಲ್ಲಿ ಏನಿದೆಯೆಂದು ಹೇಳುವುದಲ್ಲ, ಏಕೆ ಹಾಗಿದೆಯೆಂದು ಹೇಳುವುದು. ಏನಿದೆಯೆಂಬುದನ್ನು ಬಂದವರ ಕಣ್ಣೇ ಕಾಣುತ್ತದೆ. ಏಕೆಂಬುದಕ್ಕೆ ಮನೆಯವರೇ ಬೇಕು. ಮರುದಿನ ನನ್ನ ಹದಿನೆಂಟರ ಪಟ್ಟಿಯನ್ನು ಹರಿದುಹಾಕಿ ಐದೇ ಐದು ಸ್ಥಳಗಳನ್ನು ಇಟ್ಟುಕೊಂಡೆ. ಅಂದಿನಿಂದ ನಾನು ಅನುಸರಿಸುತ್ತ ಬಂದಿರುವ ಕ್ರಮ ಇದೇ.

ಮೊದಲು ಚಾಮುಂಡಿ ಬೆಟ್ಟ. ಸಾಧ್ಯವಾದರೆ ನಸುಕಿನಲ್ಲಿ, ಮೆಟ್ಟಿಲಿನ ದಾರಿಯಲ್ಲಿ. ಸುಮಾರು ಸಾವಿರ ಮೆಟ್ಟಿಲುಗಳು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದ್ದೆಂದು ಪ್ರತೀತಿ. ಮುಕ್ಕಾಲು ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ, ಸುಮಾರು 15 ಅಡಿ ಎತ್ತರ, 24 ಅಡಿ ಉದ್ದ. ಕೊರಳಿನ ಗಂಟೆಗಳ ಸಾಲನ್ನು ನಿಧಾನವಾಗಿ ನೋಡುವಂತೆ ಮಕ್ಕಳಿಗೆ ಹೇಳಿ. ಮಹಿಷನ ಕಥೆಯನ್ನೂ, ಅದರಿಂದಲೇ ಮಹಿಷೂರು ಎಂಬ ಹೆಸರು ಬಂತೆನ್ನುವ ಐತಿಹ್ಯವನ್ನೂ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುವಾಗ ಹೇಳಬೇಕು. ಆದರೆ ಬೆಟ್ಟಕ್ಕೆ ಮೊದಲು ಕರೆದೊಯ್ಯುವುದಕ್ಕೆ ಬೇರೊಂದು ಕಾರಣವೂ ಉಂಟು. ಅಲ್ಲಿಂದ ಇಡೀ ಊರು ನಕ್ಷೆ ಹಾಸಿದಂತೆ ಕಾಣುತ್ತದೆ. ಅರಮನೆಯ ಗೋಪುರ, 1933ರಲ್ಲಿ ನಾಲ್ವಡಿಯವರೇ ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಶಿಖರಗಳು, 1921ರ ಲಲಿತಮಹಲಿನ ಬಿಳಿಯ ಗುಮ್ಮಟ, ಕೆರೆಗಳು, ಸಾಲುಮರದ ರಸ್ತೆಗಳು, ಇವೆಲ್ಲ ಎಲ್ಲೆಲ್ಲಿವೆಯೆಂದು ಮೇಲಿನಿಂದ ಗುರುತಿಸಿದ ಮಕ್ಕಳು ಕೆಳಗಿಳಿದ ಮೇಲೆ ದಾರಿ ತಪ್ಪುವುದಿಲ್ಲ.

ಬೆಟ್ಟದ ಮೇಲೆಯೇ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಮೈಸೂರು ಹಳೆಯ ಊರು. ಆದರೆ ಅದರ ಕಟ್ಟಡಗಳು ಬಹುಮಟ್ಟಿಗೆ ಹಳೆಯವಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಗೆದ್ದ ಮೇಲೆ ರಾಜಧಾನಿ ಅಲ್ಲಿಗೆ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕವೇ ಅದು ಮೈಸೂರಿಗೆ ಮರಳಿದ್ದು. ಇಂದು ನಾವು ಹೆಮ್ಮೆಯಿಂದ ತೋರಿಸುವ ಭವ್ಯ ಕಟ್ಟಡಗಳಲ್ಲಿ ಹೆಚ್ಚಿನವು 1880ರಿಂದ 1940ರವರೆಗಿನ ಅರವತ್ತು ವರ್ಷಗಳಲ್ಲಿ ಎದ್ದುವು. ಎಂಟುನೂರು ವರ್ಷದ ಇಗರ್ಜಿಗಳ ನೆರಳಿನಲ್ಲಿ ಬೆಳೆದ ಯೂರೋಪಿನ ಹುಡುಗನ ಮುಂದೆ “ಸಾವಿರಾರು ವರ್ಷಗಳ ಅರಮನೆ” ಎಂದು ಕೊಚ್ಚಿಕೊಂಡರೆ ನಗೆಪಾಟಲಾಗುತ್ತೇವೆ. ಸತ್ಯವನ್ನು ಹೇಳಿದರೆ ಕುತೂಹಲವೇನೂ ಕಡಿಮೆಯಾಗುವುದಿಲ್ಲ. ಅರವತ್ತು ವರ್ಷಗಳಲ್ಲಿ ಒಂದು ಊರು ಇಷ್ಟು ಚೆಲುವಾಗಿ ಎದ್ದದ್ದು ಹೇಗೆ ಎಂಬುದೇ ಒಂದು ಒಳ್ಳೆಯ ಪ್ರಶ್ನೆಯಲ್ಲವೆ?

ಎರಡನೆಯದು ಅರಮನೆ. ಇಲ್ಲಿ ಪಾದರಕ್ಷೆ ಬಿಡುವಲ್ಲಿಂದಲೇ ಪಾಠ ಆರಂಭವಾಗುತ್ತದೆ. ಕಟ್ಟಡದ ಮುಂಭಾಗವನ್ನು ದೂರದಿಂದ ಐದು ನಿಮಿಷ ನೋಡಲು ಬಿಡಿ. ಗುಮ್ಮಟಗಳು ಮುಸಲ್ಮಾನ ಶೈಲಿಯವು. ಹೊರಚಾಚಿದ ಕಿಟಕಿಗಳಲ್ಲಿ ರಜಪೂತರ ಸೊಗಸು. ನಡುಗಮಾನಿನ ಮೇಲೆ ಗಜಲಕ್ಷ್ಮಿ. ಒಳಗಿನ ಬಣ್ಣದ ಗಾಜಿನ ಚಾವಣಿಯಲ್ಲಿ ನಮ್ಮ ನವಿಲು, ಅದನ್ನು ತಯಾರಿಸಿದ್ದು ಸ್ಕಾಟ್ಲೆಂಡಿನಲ್ಲಿ. ಈ ಮಿಶ್ರ ಶೈಲಿಗೆ ಇಂಡೋ-ಸಾರಸೆನಿಕ್ ಎಂದು ಹೆಸರು. ಹೆಸರಿಗಿಂತಲೂ ಮಕ್ಕಳು ತಮ್ಮ ದೇಶದ ಯಾವುದಾದರೊಂದು ಅಂಶವನ್ನು ಅಲ್ಲಿ ತಾವೇ ಹುಡುಕಿ ತೆಗೆಯುವುದು ಮುಖ್ಯ. ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ತೈಲಚಿತ್ರಗಳಿವೆ. ಅವುಗಳಲ್ಲಿ ನಡೆದುಹೋಗುತ್ತಿರುವವರು ಚಿತ್ರಕಾರರ ಕಲ್ಪನೆಯ ಜನರಲ್ಲ. ಆ ಕಾಲದಲ್ಲಿ ಬಾಳಿದ್ದ ನಿಜವಾದ ಮನುಷ್ಯರು. ಇಷ್ಟನ್ನು ಹೇಳಿದರೆ ಮಕ್ಕಳು ಒಂದೊಂದು ಮುಖವನ್ನೂ ಹುಡುಕಿ ನೋಡುತ್ತಾರೆ.

ಅರಮನೆಗೆ ದೀಪ ಹಾಕುವ ಸಂಜೆಯನ್ನು ತಪ್ಪಿಸಬೇಡಿ. ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಂಡಾಗ ಎಂತಹವರಿಗಾದರೂ ಮಾತು ನಿಲ್ಲುತ್ತದೆ. ಆದರೆ ದೀಪ ಆರಿದ ಮೇಲೆ ಶಿವನಸಮುದ್ರದ ಕಥೆಯನ್ನೂ ಹೇಳಿ. 1902ರಲ್ಲಿ ಕಾವೇರಿಯ ನೀರಿನಿಂದ ಅಲ್ಲಿ ವಿದ್ಯುತ್ತನ್ನು ಹುಟ್ಟಿಸಿ, ಅಷ್ಟು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ಅರಮನೆಯ ದೀಪಗಳು ಬರಿಯ ವೈಭವದ ಗುರುತಲ್ಲ. ಹೊಸ ವಿದ್ಯೆಗೆ ಮನಸ್ಸು ತೆರೆದ ಒಂದು ಸಂಸ್ಥಾನದ ಗುರುತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ತಂಡದ ಹುಡುಗನೊಬ್ಬ, ಖರ್ಚಿನ ಲೆಕ್ಕ ಕೇಳಿದವನೇ, “ಆಗ ಜನ ಸುಖವಾಗಿದ್ದರೆ?” ಎಂದು ಕೇಳಿದ. ಇರಲಿಲ್ಲ. ಅರಮನೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ, 1898ರ ಹೊತ್ತಿಗೆ, ಸಂಸ್ಥಾನದಲ್ಲಿ ಪ್ಲೇಗು ಹಬ್ಬಿ ಜನ ಮನೆಮಠ ಬಿಟ್ಟು ಬಯಲಿನ ಗುಡಿಸಲುಗಳಿಗೆ ಓಡುತ್ತಿದ್ದರು. ನಮ್ಮ ಅತಿಥಿ ಕೇಳಲಾರನೆಂದು ಇದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಎರಡನ್ನೂ ಹೇಳಿದೆ: ಒಂದು ಕಡೆ 41 ಲಕ್ಷದ ಅರಮನೆ, ಇನ್ನೊಂದು ಕಡೆ ಇಲಿ ಬಿದ್ದ ಮನೆಗಳು. ಪ್ಲೇಗಿನ ಪೆಟ್ಟಿನಿಂದ ಪಾಠ ಕಲಿತು 1903ರಲ್ಲಿ ನಗರಾಭಿವೃದ್ಧಿ ಮಂಡಳಿಯನ್ನು ಸ್ಥಾಪಿಸಿದ್ದನ್ನೂ ಹೇಳಿದೆ. ತೀರ್ಪನ್ನು ಅವನಿಗೇ ಬಿಟ್ಟೆ. ಆ ದಿನದಿಂದ ಅವನು ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಹುಳುಕನ್ನು ಒಪ್ಪಿಕೊಳ್ಳುವವನು ಒಳ್ಳೆಯದನ್ನು ಹೇಳಿದಾಗ ಕೇಳುವವರಿಗೆ ನಂಬಿಕೆ ಬರುತ್ತದೆ.

ಮೂರನೆಯದು ಬೀದಿಗಳು. ಇವು ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಆದರೆ ಪ್ಲೇಗಿನ ಕಥೆ ಕೇಳಿದ ಮೇಲೆ ಒಂಟಿಕೊಪ್ಪಲಿನಲ್ಲಿಯೋ ಲಕ್ಷ್ಮೀಪುರಂನಲ್ಲಿಯೋ ಒಂದು ಗಂಟೆ ನಡೆದರೆ ಊರಿನ ಗುಟ್ಟು ತಿಳಿಯುತ್ತದೆ. ಅಗಲವಾದ ನೇರ ರಸ್ತೆ, ಮನೆಯ ಮುಂದೆ ಗಿಡಮರಕ್ಕೆ ಜಾಗ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನಲ್ಲಿ ರೋಗ ಬೆಳೆಯುತ್ತದೆಂದು ಕಂಡುಕೊಂಡವರು ಊರನ್ನು ಹೀಗೆ ಹರಡಿದರು. ಇವೆಲ್ಲ ಅಲಂಕಾರಕ್ಕೆಂದು ಆದವಲ್ಲ, ಆರೋಗ್ಯಕ್ಕೆಂದು ಆದವು. ಹಳೆಯ ಮನೆಯ ಹೆಂಚು, ಜಗಲಿ, ಕಿಟಕಿಯ ಸರಳು, ಅಂಗಳದ ತುಳಸಿಕಟ್ಟೆ ಇವನ್ನೂ ಅಲ್ಲಿಯೇ ತೋರಿಸಬಹುದು.

ಅರಮನೆಯಿಂದ ಮಾರುಕಟ್ಟೆಗೆ ನಡೆಯುವ ದಾರಿಯಲ್ಲಿ ದೊಡ್ಡ ಗಡಿಯಾರವಿದೆ. ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ, ಅರಮನೆಯ ನೌಕರರು ತಾವೇ ಹಣ ಹಾಕಿ ಕಟ್ಟಿಸಿದ 75 ಅಡಿಯ ಗೋಪುರ ಅದು. ಅದರ ಮುಖದ ಮೇಲಿರುವುವು ಕನ್ನಡದ ಅಂಕಿಗಳು. ನನ್ನಂತಹ ಕನ್ನಡ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಬೇಕೆ? ಗಡಿಯಾರದಲ್ಲಿ ಯಾವ ಅಂಕಿ ಎಲ್ಲಿರುತ್ತದೆಂಬುದು ಲೋಕಕ್ಕೆಲ್ಲ ಗೊತ್ತು. ಆದುದರಿಂದ ಮೇಲ್ತುದಿಯದು ೧೨, ಬಲಗಡೆಯದು ೩, ಕೆಳಗಿನದು ೬ ಎಂದು ಮಕ್ಕಳು ತಾವೇ ಊಹಿಸಿ ಓದುತ್ತಾರೆ. ಕಾಲು ಗಂಟೆಯೊಳಗೆ ಕನ್ನಡದ ಅಂಕಿಗಳನ್ನು ಕಲಿತ ಆ ಮಕ್ಕಳು, ನಮ್ಮ ಎಷ್ಟೋ ಹುಡುಗರಿಗಿಂತ ಬೇಗ ಗಡಿಯಾರ ನೋಡಿ ಹೊತ್ತು ಹೇಳಿದರು!

ನಾಲ್ಕನೆಯದು ದೇವರಾಜ ಮಾರುಕಟ್ಟೆ. ಮಲ್ಲಿಗೆ, ಚಿಗುರೆಲೆ, ರಸಬಾಳೆ, ಕುಂಕುಮದ ಗುಡ್ಡೆಗಳು, ಗಂಧದೆಣ್ಣೆ, ಎಲ್ಲವೂ ಕಣ್ಣಿಗೂ ಮೂಗಿಗೂ ಹಬ್ಬ. ಇಲ್ಲಿ ಉಪನ್ಯಾಸ ಬೇಡ. ಕೈಯಲ್ಲಿ ಸ್ವಲ್ಪ ಹಣ ಕೊಟ್ಟು ಏನಾದರೂ ಕೊಂಡು ತರಲು ಹೇಳಿ. ಹೂವನ್ನು ತೂಕದ ಬದಲು ಕೈಯಳತೆಯಲ್ಲಿ ಮಾರುತ್ತಾರೆಂದು, ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳವೆಂದು ನಾನು ವಿವರಿಸಿದಾಗ, ಆರಡಿ ಮೀರಿದ ಹುಡುಗನೊಬ್ಬ ತನ್ನ ಉದ್ದನೆಯ ತೋಳನ್ನು ಚಾಚಿ, “ಹಾಗಾದರೆ ನನ್ನ ಕೈಯಲ್ಲಿ ಅಳೆಯಿರಿ” ಎಂದ. ಹೂವಾಡಗಿತ್ತಿ ನಕ್ಕು, “ಅಯ್ಯೋ ನನ್ನಪ್ಪ, ನಿನ್ನ ಕೈಲಿ ಅಳೆದರೆ ನನ್ನ ಬುಟ್ಟಿಯೇ ಬರಿದಾಗುತ್ತೆ” ಎಂದಳು. ಆದರೂ ಒಂದು ಚೂರು ಹೆಚ್ಚಾಗಿಯೇ ಕೊಟ್ಟಳು. ಯಾವ ಪುಸ್ತಕದಿಂದ ಈ ಪರಿಚಯ ಆದೀತು?

ಅದೇ ಮಾರುಕಟ್ಟೆ ನಮಗೊಂದು ನೋವಿನ ಪಾಠವನ್ನೂ ಕಲಿಸಿದೆ. 2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದುವು. 2016ರಲ್ಲಿ ಮಾರುಕಟ್ಟೆಯದೇ ಒಂದು ಭಾಗ ಕುಸಿಯಿತು. ದುರಸ್ತಿ ಮಾಡಬೇಕೋ, ಕೆಡವಿ ಕಟ್ಟಬೇಕೋ ಎಂಬ ವಾದ ಅಲ್ಲಿಂದೀಚೆಗೆ ವರ್ಷಗಟ್ಟಲೆ ನಡೆಯಿತು. ಇದನ್ನು ಕೇಳಿದ ಮಕ್ಕಳಲ್ಲಿ ಒಬ್ಬಳು, “ಕಟ್ಟಡ ಬಿದ್ದಾಗ ನಿಮ್ಮ ಶಾಲೆಯ ಮಕ್ಕಳು ಏನೆಂದರು?” ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂಬುದೇ ನಿಜವಾದ ಉತ್ತರ. ಈ ಮಾತಿಗೆ ಮತ್ತೆ ಬರುತ್ತೇನೆ.

ಐದನೆಯದು ಪ್ರಾಚ್ಯವಿದ್ಯಾ ಸಂಶೋಧನಾಲಯ. ವಿಕ್ಟೋರಿಯಾ ರಾಣಿಯ 1887ರ ಜ್ಯೂಬಿಲಿಯ ನೆನಪಿನ ಕಟ್ಟಡದಲ್ಲಿ, 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆ ಇದು. ಕಬ್ಬಿಣದ ಕಂಟದಿಂದ ತಾಳೆಗರಿಯ ಮೇಲೆ ಕೊರೆದು, ಮಸಿ ಸವರಿ ಒರಸಿದರೆ ಅಕ್ಷರ ಎದ್ದು ಕಾಣುತ್ತದೆ. ಹುಳು ಹತ್ತದಂತೆ ಹುಲ್ಲಿನೆಣ್ಣೆ ಲೇಪಿಸಿ ಈ ಗರಿಗಳನ್ನು ಕಾಪಾಡುತ್ತಾರೆ. 1905ರಲ್ಲಿ ಇಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರಿನ ಕಡೆಯ ಪಂಡಿತರೊಬ್ಬರಿಂದ ಬಂದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಶತಮಾನಗಳ ಕಾಲ ಕೇವಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ ಅದು. 1909ರಲ್ಲಿ ಮೂಲವನ್ನೂ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಅಚ್ಚು ಮಾಡಿಸಿದ ಮೇಲೆ ಭಾರತದ ರಾಜನೀತಿಯ ಚರಿತ್ರೆಯನ್ನೇ ಲೋಕ ಹೊಸದಾಗಿ ಬರೆಯಬೇಕಾಯಿತು. ಕೋಟೆಕೊತ್ತಲಗಳಿಗಿಂತ ಈ ಓಲೆಕಟ್ಟಿನ ಕಥೆಯೇ ಓದುವ ಮಕ್ಕಳ ಮನಸ್ಸಿಗೆ ಹೆಚ್ಚು ನಾಟುವುದನ್ನು ನಾನು ಕಂಡಿದ್ದೇನೆ.

ಇನ್ನು ಸಂಸ್ಕೃತಿಯ ಮಾತು. ಕಟ್ಟಡವನ್ನು ಬೀದಿಯಲ್ಲಿ ನೋಡಬಹುದು. ಸಂಸ್ಕೃತಿಯನ್ನು ನೋಡುವುದು ಮನೆಯಲ್ಲಿ. ಅದಕ್ಕೆ ದಸರೆಗಿಂತ ಒಳ್ಳೆಯ ಕಾಲವಿಲ್ಲ. ವಿಜಯನಗರದ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರೆಂಬುದೂ, ಮುಂದೆ ಅದು ಮೈಸೂರಿಗೆ ಬಂತೆಂಬುದೂ, 1971ರಲ್ಲಿ ರಾಜಧನ ರದ್ದಾದ ಬಳಿಕ ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದು ಅರಸರ ಹಬ್ಬ ನಾಡಿನ ಹಬ್ಬವಾಯಿತೆಂಬುದೂ ಹೇಳತಕ್ಕ ವಿಷಯಗಳೇ. ಆದರೆ ಮೆರವಣಿಗೆಯಷ್ಟೇ ದಸರೆಯಲ್ಲ. ನಮ್ಮ ಮನೆಯಲ್ಲಿ ಬೊಂಬೆ ಕೂರಿಸುವ ದಿನ ಆ ಜಪಾನಿನ ಹುಡುಗಿಯೂ ಬಂದಿದ್ದಳು. ಪೆಟ್ಟಿಗೆಯಿಂದ ಒಂದೊಂದಾಗಿ ಬೊಂಬೆ ತೆಗೆದು ಒರಸುವುದರಲ್ಲಿ ನನ್ನ ಮನೆಯಾಕೆಗೆ ನೆರವಾದಳು. ಶೆಟ್ಟಿ-ಶೆಟ್ಟಿತಿಯರ ದಿನಸಿ ಅಂಗಡಿಯನ್ನು ಕಂಡು ನಕ್ಕಳು. ಕೊನೆಗೆ ಪಟ್ಟದ ಬೊಂಬೆಗಳನ್ನು, ಮರದ ರಾಜ-ರಾಣಿಯರನ್ನು, ಮೇಲಿನ ಮೆಟ್ಟಿಲಲ್ಲಿ ಕೂರಿಸಿದಾಗ ಆ ಹುಡುಗಿ ಒಮ್ಮೆಗೇ ಸುಮ್ಮನಾದಳು. ಆಮೇಲೆ ಹೇಳಿದಳು: “ಅಮ್ಮ, ನಮ್ಮಲ್ಲೂ ಹೀಗೆಯೇ. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಬೊಂಬೆ ಜೋಡಿಸುತ್ತೇವೆ. ಮೇಲಿನ ಮೆಟ್ಟಿಲು ಚಕ್ರವರ್ತಿ-ಚಕ್ರವರ್ತಿನಿಯರದು.” ಬಾಯ್ಮಾತಿನಲ್ಲಿ ನಾವು ಹೇಳುವ ವಿಶ್ವಬಂಧುತ್ವವನ್ನು ಅಂದು ನಮ್ಮ ನಡುಮನೆಯಲ್ಲಿಯೇ ಕಂಡೆವು. ಅವಳು ತನ್ನ ಕೈಚೀಲದಲ್ಲಿದ್ದ ಕಾಗದದ ಪುಟ್ಟ ಬೊಂಬೆಯೊಂದನ್ನು ಕೆಳಗಿನ ಮೆಟ್ಟಿಲಲ್ಲಿಟ್ಟಳು. ಪ್ರತಿ ದಸರೆಗೂ ಅದು ನಮ್ಮ ಮನೆಯಲ್ಲಿ ಅಲ್ಲಿಯೇ ಕೂರುತ್ತದೆ.

ರೇಡಿಯೋ ಇರುವ ಮನೆಯವರಿಗೆ ಇನ್ನೂ ಒಂದು ಅನುಕೂಲವಿದೆ. ಸಂಜೆಯ ವೀಣಾವಾದನವನ್ನು ಅತಿಥಿಯೊಡನೆ ಕುಳಿತು ಕೇಳಿ. ಮೈಸೂರಿನ ವೀಣೆಯ ಬಗ್ಗೆಯೂ ವೀಣೆ ಶೇಷಣ್ಣನವರ ಬಗ್ಗೆಯೂ ನಾಲ್ಕು ಮಾತು ಹೇಳಿ. ಆಕಾಶವಾಣಿ ಎಂಬ ಹೆಸರಿನಲ್ಲಿ ಪ್ರಸಾರ ನಡೆಸಿದ್ದು ಮೈಸೂರಿನಲ್ಲಿಯೇ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ. ಮುಂದೆ ಆ ಹೆಸರನ್ನು ದೇಶದ ರೇಡಿಯೋವೇ ತನ್ನದಾಗಿಸಿಕೊಂಡಿತು. ಅತಿಥಿ ಪಾಶ್ಚಾತ್ಯ ಸಂಗೀತ ಬಲ್ಲವನಾದರೆ ಇದನ್ನೂ ಹೇಳಿ: ಜರ್ಮನಿಯ ರಿಚರ್ಡ್ ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಹಾಡಲ್ಪಟ್ಟಾಗ, ಆ ಕಚೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಸಂಸ್ಕೃತ, ಕರ್ನಾಟಕ ಸಂಗೀತಗಳಲ್ಲಿ ಕೃತಿರಚನೆ ಮಾಡಿದ ಅರಸರ ಪ್ರೀತಿ ಪಶ್ಚಿಮದ ಸಂಗೀತಕ್ಕೂ ಹರಿದಿತ್ತೆಂದು ಕೇಳಿದಾಗ, ವಿನಿಮಯವೆಂಬ ಮಾತಿಗೆ ಎರಡು ದಿಕ್ಕುಂಟೆಂದು ಮಕ್ಕಳಿಗೆ ತಿಳಿಯುತ್ತದೆ.

ಇನ್ನು ಆಗಲೇ ಹೇಳಿದ ಮಾತಿಗೆ ಬರುತ್ತೇನೆ. ಮಾರುಕಟ್ಟೆಯ ಮುಂದೆ ಆ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರುದಿನ ನನ್ನ ತರಗತಿಯಲ್ಲಿ, ಮೆಟ್ಟಿಲು ಹತ್ತಿ ಬೆಟ್ಟಕ್ಕೆ ಹೋದವರು ಯಾರು, ಓಲೆಗರಿ ಕಂಡವರು ಯಾರು, ದೊಡ್ಡ ಗಡಿಯಾರದ ಅಂಕಿ ಓದಬಲ್ಲವರು ಯಾರು ಎಂದು ಕೇಳಿದೆ. ಎದ್ದ ಕೈಗಳು ಬೆರಳೆಣಿಕೆಯಷ್ಟು. ತಪ್ಪು ಮಕ್ಕಳದಲ್ಲ. ಐವತ್ತು ಸಲ ನೋಡಿಯೂ ಕಂಬವನ್ನು ಕಾಣದ ಮೇಷ್ಟರ ಶಿಷ್ಯರು ಮತ್ತೆ ಹೇಗಿದ್ದಾರು? ತನ್ನದೆಂದು ಅರಿಯದ ವಸ್ತು ಬಿದ್ದರೆ ಯಾರಿಗೂ ಅಳು ಬರುವುದಿಲ್ಲ. ಹಳೆಯ ಕಟ್ಟಡಗಳಿಗೆ ಮಳೆ, ಬೇರುಬಿಟ್ಟ ಅರಳಿಗಿಡ ಇವೆಲ್ಲ ಶತ್ರುಗಳೇ ಸರಿ. ಅವಕ್ಕಿಂತ ದೊಡ್ಡ ಶತ್ರು ನಮ್ಮ ಈ ಮರೆವು.

ಮುಂದಿನ ಸಲ ಅತಿಥಿಗಳು ಬರುವ ಮೊದಲು ಕ್ರಮವನ್ನು ಬದಲಾಯಿಸಿದೆ. ಊರು ತೋರಿಸುವ ಕೆಲಸವನ್ನು ನಾನು ಬಿಟ್ಟು ಮಕ್ಕಳಿಗೆ ವಹಿಸಿದೆ. ಇಬ್ಬಿಬ್ಬರಿಗೆ ಒಂದೊಂದು ಸ್ಥಳ. ಯಾರು ಕಟ್ಟಿಸಿದರು, ಯಾವಾಗ, ಏಕೆ, ಈಗ ಅದರ ಸ್ಥಿತಿ ಹೇಗಿದೆ, ಇಷ್ಟನ್ನು ತಿಳಿದುಕೊಂಡು ಬಂದು ತಮ್ಮ ವಯಸ್ಸಿನ ಅತಿಥಿಗಳಿಗೆ ಹೇಳಬೇಕು. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ನನ್ನ ಒಂದು ಗಂಟೆಯ ಭಾಷಣದಿಂದ ಆಗದ ಕೆಲಸ ಅವರ ಹತ್ತು ನಿಮಿಷದ ತೊದಲಿನಿಂದ ಆಯಿತು. ಅದಕ್ಕಿಂತ ಮುಖ್ಯವಾಗಿ, ದೇವರಾಜ ಮಾರುಕಟ್ಟೆಯನ್ನು ವಹಿಸಿಕೊಂಡಿದ್ದ ಹುಡುಗರಿಬ್ಬರು, ಗೋಡೆಯ ಬಿರುಕುಗಳು ಎಲ್ಲೆಲ್ಲಿವೆಯೆಂದು ಗುರುತು ಹಾಕಿಕೊಂಡು ಬಂದು, “ಮೇಷ್ಟ್ರೇ, ಇದನ್ನು ಯಾರಿಗೆ ಬರೆದು ತಿಳಿಸಬೇಕು?” ಎಂದು ನನ್ನನ್ನು ಕೇಳಿದರು. ಅಂದೇ ಕು‌ಳಿತು ಅರ್ಜಿ ಬರೆದೆವು.

ಓದುಗರೆ, ಇದಕ್ಕೆಲ್ಲ ಪರದೇಶದ ಅತಿಥಿ ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಊರು ಮೈಸೂರೇ ಆಗಿರಬೇಕೆಂದೂ ಇಲ್ಲ. ಕೋಟೆಯೋ, ಕೆರೆಯ ತೂಬೋ, ಹಳೆಯ ಶಾಲೆಯೋ ಯಾವ ಊರಿನಲ್ಲಿಲ್ಲ? ಬರುವ ಭಾನುವಾರ ನಿಮ್ಮ ಮಕ್ಕಳ ಕೈಹಿಡಿದು ಅಂತಹ ಒಂದೇ ಒಂದು ಕಡೆಗೆ ಹೋಗಿ, ಇದು ಹೀಗೇಕಿದೆಯೆಂದು ಅವರನ್ನು ಕೇಳಿ. ಅವರಿಗೆ ತಿಳಿಯದಿದ್ದರೆ ನೀವು ಹೇಳಿ. ನಿಮಗೂ ತಿಳಿಯದಿದ್ದರೆ ಸಂಕೋಚ ಬೇಡ; ಇಬ್ಬರೂ ಕೂಡಿ ಹುಡುಕಿರಿ. ಆಮೇಲೆ ಯಾವ ದೇಶದ ಅತಿಥಿ ಬಂದರೂ ನಿಮ್ಮ ಮನೆಯಲ್ಲಿ ಊರು ತೋರಿಸುವವರಿಗೆ ಕೊರತೆಯಿರುವುದಿಲ್ಲ.